ಮೇಣದಕ್ಕನ ಮಂಕು ಹಾಳೆ

ಮೇಣದಕ್ಕನ ಮುತ್ತಜ್ಜ ಗಾಡಿಯ ಕಮಾನಿಗೆ ಹೊದಿಸುವ ಬಟ್ಟೆಗೆ ಮೇಣ ಹಚ್ಚುತ್ತಿದ್ದವನು. ಹಚ್ಚಿ ಸುಮ್ಮನಾಗುವ ಆಸಾಮಿಯಲ್ಲ. ಉಜ್ಜಿ ಉಜ್ಜಿ, ಅದರಲ್ಲೇ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳುತ್ತಿದ್ದನಂತೆ. ಅಜ್ಜ ಕೊಡೆಯ ಬಟ್ಟೆಗೆ ಅಗಸೆ ಎಣ್ಣೆ ಕುಡಿಸಿದ. ಅಪ್ಪ ಸೋರುವ ಚಾವಣಿಗಳಿಗೆ ಡಾಂಬರು ಬಳಿದು, ಒಮ್ಮೆ ಚಪ್ಪಲಿ ಸಮೇತ ಅಂಟಿಕೊಂಡು, ಮಧ್ಯಾಹ್ನದ ಊಟವನ್ನು ಮಾಳಿಗೆಗೇ ತರಿಸಿಕೊಂಡ. ತಲೆತಲಾಂತರದಿಂದ ನೀರಿನ ಮೇಲೆ ಹಲ್ಲು ಮಸೆದ ಮನೆತನ ಅದು. ಉಜ್ಜಿ ಹೊಳಪು ಬರಿಸದೆ ಒಂದು ತುಂಡನ್ನೂ ಹೊರಗೆ ಕಳಿಸಿದವರಲ್ಲ.

ಮಗಳು ಮಾತ್ರ ಮೇಣವನ್ನು ಮುಟ್ಟಲಿಲ್ಲ. ಬೀದಿಯವರು ಆ ಹೆಸರನ್ನು ಬಿಡಲಿಲ್ಲ, ಅಷ್ಟೆ. ಅವಳು ಹಿಡಿದದ್ದು ಸಿಲಿಕಾ ಪುಡಿಯನ್ನು. ಮರಳಿನದೇ ಸಂತಾನವಾದರೂ ಅದರ ಕಣ ಕಣ್ಣಿಗಿರಲಿ, ಭೂತಗನ್ನಡಿಗೂ ಸಿಗದಷ್ಟು ಸಣ್ಣ ನ್ಯಾನೊ ಕಣ. ಹುಟ್ಟಿನಿಂದ ಅದಕ್ಕೆ ನೀರೆಂದರೆ ಪ್ರಾಣ. ಸಿಲೇನ್ ಎಂಬ ರಾಸಾಯನಿಕದಲ್ಲಿ ಕಲಕಿ, ತೊಳೆದು, ಒಣಗಿಸಿದರೆ ಅದೇ ಕಣ ನೀರನ್ನು ಕಂಡೊಡನೆ ಮುಖ ತಿರುಗಿಸುತ್ತದೆ. ಆ ಪುಡಿಯನ್ನು ಪ್ಲಾಸ್ಟಿಕ್ ಕರಗಿಸಿದ ದ್ರಾವಣಕ್ಕೆ ಸೇರಿಸಿ, ಕನ್ನಡಕದಂಗಡಿಯವರು ಮಾರಿದ ಗುಂಯ್‌ಗುಡುವ ಹಳೆಯ, ಶಬ್ದದ ಅಲೆಗಳಿಂದ ಕನ್ನಡಕ ತೊಳೆಯುವ ಯಂತ್ರದಲ್ಲಿಟ್ಟು ಗಂಟು ಒಡೆಸಬೇಕು. ಗಾಜಿನ ಮೇಲೆ ಸುರಿದು, ಉಕ್ಕಿನ ಸರಳಿನಿಂದ ತೆಳ್ಳಗೆ ಎಳೆದು, ಒಣಗಿದ ಮೇಲೆ ಸುಲಿದರೆ ಹಾಳೆ. ಇಷ್ಟನ್ನೂ ಅವಳು ಹಿತ್ತಲ ಕೋಣೆಯಲ್ಲಿ, ಕಿಟಕಿ ತೆರೆದಿಟ್ಟು, ಮಾಸ್ಕ್ ಕಟ್ಟಿಕೊಂಡು, ಕೆಡಿಸಿ ಕೆಡಿಸಿ ಕಲಿತಿದ್ದಳು.

ಟಾರ್ಪಾಲು ಅಂಗಡಿಯ ಯಜಮಾನರಿಗೆ ಅಂಗಡಿಗಳ ಮುಂದಿನ ಇಳಿಮಾಡಿಗೆ ಅಂಟಿಸಲು ಇಂಥ ಹಾಳೆ ಬೇಕಿತ್ತು. ನೋಡಲು ನಾಳೆ ಬರುವವರಿದ್ದರು. ಬಕೆಟ್ಟು ಅಂಗಡಿ ಇಟ್ಟಿದ್ದ ಅಣ್ಣ ಮೊದಲೇ ಹೇಳಿಬಿಟ್ಟಿದ್ದ, "ಅವರು ಒಪ್ಪದಿದ್ರೆ ಈ ಕೋಣೆಗೆ ಬೀಗ. ನನ್ನಂಗಡಿಗೆ ಬಂದು ಗಲ್ಲಾ ಮುಂದೆ ಕೂತ್ಕೋ." ಹಠಕ್ಕೆ ಬಿದ್ದು ಇವಳೂ ಹೂಂ ಅಂದಿದ್ದಳು. ಬಕೆಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಅವಳ ವಂಶದ್ದು ನೀರನ್ನು ಓಡಿಸುವ ಕಸುಬು.

ಕಷ್ಟವೆಂದರೆ, ಅವಳ ಹಾಳೆ ಪ್ರತಿಸಲವೂ ನೀರನ್ನು ಅಪ್ಪಿ ಹಿಡಿದುಕೊಳ್ಳುತ್ತಿತ್ತು. ಪುಡಿಯನ್ನು ಬೈದಳು, ಹವೆಯನ್ನು ಬೈದಳು, ಇನ್ನಾರೂ ಸಿಗದಾಗ ಗಂಡನನ್ನು ಬೈದಳು. ಅವನು ಬಸ್ ಕಂಡಕ್ಟರು. ಹೆಂಡತಿಯ ಬೈಗುಳಕ್ಕೆ ಚಿಲ್ಲರೆ ವಾಪಸು ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅಂದು ಸಂಜೆಯೂ ಅವಳು ಸುಲಿದ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಗಾಜಿನಿಂದ ಏಳುವಾಗ ಅವು ಬೂದಿ ಮೆತ್ತಿದಂತೆ ಮಂಕಾಗಿರುತ್ತಿದ್ದವು. ಇಂಥದ್ದನ್ನು ಹೇಗೆ ಜನರ ಕಣ್ಣೆದುರಿಗೆ ಇಡುವುದೆಂದು ನಾಚಿ, ಮೆತ್ತನೆಯ ಬಟ್ಟೆಯಿಂದ ಹೊಳಪು ಬರುವ ತನಕ ಉಜ್ಜಿ, ಆಮೇಲೇ ನೀರು ಹನಿಸಿ ನೋಡುವುದು ಅವಳ ಪದ್ಧತಿ. ಒಂದು ಹಾಳೆ ಉಜ್ಜುವುದು ಬಾಕಿ ಇತ್ತು. ಚಹಾ ತಂದ ಗಂಡ ಲೋಟವನ್ನು ಅದರ ಪಕ್ಕದಲ್ಲಿಟ್ಟು ಕೂತ, ಮೊಣಕೈ ತಗುಲಿ ಲೋಟ ಉರುಳಿತು. ಚಹಾ, ಕಾದ ಕಾವಲಿಗೆ ಬಿದ್ದ ನೀರಿನಂತೆ ಮಣಿಮಣಿಯಾಗಿ ಕುಣಿಯುತ್ತ ಹಾಳೆ ದಾಟಿ ಅವನ ತೊಡೆಗೆ ಇಳಿಯಿತು.

"ಅಯ್ಯೋ, ನನ್ನ ಪ್ಯಾಂಟು."

"ಪ್ಯಾಂಟು ಹಾಳಾಗ್ಲಿ, ಹಾಳೆ ನೋಡ್ರೀ. ಒದ್ದೆ ಆಗಿದ್ಯಾ?"

"ಒದ್ದೆ ಆಗಿರೋದು ನಾನು ಕಣೇ. ಅದು ಒಣಗೇ ಇದೆ."

"ಇನ್ನೊಂದು ಲೋಟ ತನ್ನಿ."

"ಕುಡಿಯೋಕಾ, ನನ್ನ ಮೇಲೆ ಸುರಿಯೋಕಾ?"

ಎರಡನೆಯ ಲೋಟವನ್ನು ಉಜ್ಜಿದ ಹಾಳೆಯ ಮೇಲೆ ಸುರಿದಳು. ಚಹಾ ಬೀಡುಬಿಟ್ಟ ನೆಂಟನಂತೆ, ಜಪ್ಪಯ್ಯ ಅಂದರೂ ಏಳದೆ ಕೂತಿತು.

ಆಗ ಹೊಳೆಯಿತು. ಆ ಮಂಕೇ ಹಾಳೆಯ ಬಂಡವಾಳ. ಕಣಗಳು ಎದ್ದು ನಿಂತು ಮೈತುಂಬ ಸಣ್ಣ ಉಬ್ಬುಗಳಾಗಿರುತ್ತವೆ. ಹನಿ ಅವುಗಳ ತುದಿಯ ಮೇಲೆ ನಿಂತು, ಕೆಳಗೆ ಬರೀ ಗಾಳಿಯಾದ್ದರಿಂದ ಹಿಡಿತ ಸಿಗದೆ ಉರುಳುತ್ತದೆ. ಮನೆತನದ ಮರ್ಯಾದೆ ಉಳಿಸಲು ಹೋಗಿ ಇವಳು ಉಬ್ಬುಗಳನ್ನೆಲ್ಲ ಉಜ್ಜಿ ನೆಲಸಮ ಮಾಡುತ್ತಿದ್ದಳು. ರಾತ್ರಿಯ ಅಡುಗೆಯನ್ನು ಗಂಡನಿಗೆ ಒಪ್ಪಿಸಿ ಹೊಸ ಹಾಳೆ ಎಳೆದಳು. ಬೆಳಗ್ಗೆ ಸುಲಿದವಳು ಅದನ್ನು ಒರೆಸಬೇಕೆಂದು ಕೈ ತುರಿಸಿದರೂ ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಳು.

ಯಜಮಾನರು ಅಣ್ಣನ ಜೊತೆಗೇ ಬಂದರು. "ಇದೇನಮ್ಮ, ಹೊಳಪೇ ಇಲ್ವಲ್ಲ?"

"ಹೊಳಪು ಬೇಕಾದ್ರೆ ಕನ್ನಡಿ ಅಂಗಡಿಗೆ ಹೋಗಿ ಯಜಮಾನ್ರೇ. ನೀರು ಸುರೀರಿ."

ಓರೆಯಾಗಿ ನಿಲ್ಲಿಸಿದ ಹಾಳೆಯ ಮೇಲೆ ಅವರು ಒಂದು ಮಗ್ಗು ನೀರು ಸುರಿದರು. ನೀರು ಹಾಳೆಯ ಮೇಲೆ ಒಂದು ಹನಿಯನ್ನೂ ಬಿಡದೆ ಉರುಳಿ ಅಣ್ಣನ ಹೊಸ ಶೂ ಒಳಗೆ ಸೇರಿತು. ಯಜಮಾನರು ಮೂರು ಸಲ ಸುರಿದರು. ಮೂರು ಸಲವೂ ಅಣ್ಣ ಅಲ್ಲೇ ನಿಂತಿದ್ದ.

"ಮಳೆಗಾಲ ಶುರುವಾಗೋದ್ರೊಳಗೆ ಇಡೀ ಪೇಟೆ ಬೀದಿಗಾಗೋವಷ್ಟು ಕೊಡಿ," ಎಂದು ಯಜಮಾನರು ಹೊರಟರು.

ಅಣ್ಣ ಪಚಪಚ ಎನ್ನುತ್ತ ಹತ್ತಿರ ಬಂದ. ದನಿಯಲ್ಲಿ ಇದ್ದಕ್ಕಿದ್ದಂತೆ ಅಕ್ಕರೆ. "ನೀನೊಬ್ಳೇ ಇಷ್ಟೆಲ್ಲ ಹೇಗೆ ಮಾಡ್ತೀಯಾ ತಂಗಿ? ನಮ್ಮಂಗಡಿ ಆಳುಗಳನ್ನ ಕಳಿಸ್ತೀನಿ. ಅವರ ಕೈ ಬಹಳ ಚೊಕ್ಕ. ಏನು ಕೊಟ್ರೂ ಒರೆಸಿ ಫಳಫಳ ಅನ್ನಿಸ್ತಾರೆ."

ಮೇಣದಕ್ಕ ಹಾಳೆಗೆ ಅಡ್ಡವಾಗಿ ನಿಂತಳು.

"ಬೇಡ ಅಣ್ಣ. ನನ್ನೆರಡು ಕೈಯನ್ನ ಸುಮ್ಮನಿರಿಸೋದ್ರಲ್ಲೇ ನನಗೆ ಸಾಕಾಗಿ ಹೋಗಿದೆ. ನಿನ್ನ ಆಳುಗಳು ಬಕೆಟ್ಟು ಒರೆಸ್ಲಿ. ನೀನು ಹೋಗಿ ಶೂ ಒಣಗಿಸ್ಕೋ."