ಅದೇ ಬುಡದ ಎರಡನೆಯ ಹಾಳೆ

ಪ್ರವಾಸ ನೆರವಿನ ಪಟ್ಟಿ ಬಂದ ದಿನ ನಾನು ನನ್ನ ಗೆಳತಿಯ ಮನೆಗೆ ಹೋಗಿದ್ದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಮೆಣಸಿನಕಾಯಿಯ ಸುಗ್ಗಿ. ಬ್ಯಾಡಗಿ ಹತ್ತಿರವಾದಂತೆ ಬಸ್ಸಿನಲ್ಲಿದ್ದವರೆಲ್ಲ ಸೀನತೊಡಗಿದರು. ನನ್ನ ಕಣ್ಣಲ್ಲೂ ನೀರು ಬಂತು. ಅದಕ್ಕೆ ಘಾಟು ಒಂದೇ ಕಾರಣ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಗಿಡಗಳನ್ನು ಗುರುತಿಸಿ, ಹೆಸರಿಟ್ಟು, ವರ್ಗೀಕರಿಸುವ ಕೆಲಸದಲ್ಲಿರುವ ವಿದ್ಯಾರ್ಥಿಗಳಿಗೆ ಮತ್ತು ಪಿಎಚ್.ಡಿ. ಮುಗಿಸಿ ಹೆಚ್ಚು ವರ್ಷ ಆಗದವರಿಗೆ ಒಂದು ಸಂಘ ಕೊಡುವ ನೆರವು ಅದು. ವಿದೇಶದ ಸಮ್ಮೇಳನಕ್ಕೆ ಹೋಗಿ ಬರುವ ಖರ್ಚನ್ನು ಅವರೇ ನೋಡಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡದೆಂದರೆ, ಅಲ್ಲಿನ ಸಸ್ಯಸಂಗ್ರಹದಲ್ಲಿ ಒಂದು ವಾರ ಕೂತು, ಒಣಗಿಸಿದ ಗಿಡ ಅಂಟಿಸಿದ ಹಳೆಯ ಹಾಳೆಗಳನ್ನು ನೋಡಬಹುದು. ನಮ್ಮ ನೆಲದ ಎಷ್ಟೋ ಹುಲ್ಲುಗಳಿಗೆ ಮೊದಲ ಹೆಸರು ಕೊಟ್ಟದ್ದು ಆ ಹಾಳೆಗಳ ಮೇಲೆಯೇ. ಅವುಗಳ ಫೋಟೋ ನೋಡಿ ನೋಡಿ ನನ್ನ ಪ್ರಬಂಧ ಮುಗಿದಿತ್ತು.

ನಾವಿಬ್ಬರೂ ಅರ್ಜಿ ಹಾಕಿದ್ದೆವು. ನನ್ನದು ಐರಣಿ, ಮೇಡ್ಲೇರಿ ಕಡೆಯ ಹೊಳೆದಂಡೆಯ, ಹುಲ್ಲಿನಂತೆಯೇ ಕಾಣುವ ಜೇಕುಗಳ ಮೇಲೆ, ಅವಳದು ಹೊಲದ ಬದುಗಳ ಹುಲ್ಲಿನ ಮೇಲೆ. ಹಾವೇರಿಯ ನಮ್ಮ ವಿಭಾಗದಲ್ಲಿ ಒಂದೇ ಮೇಜು, ಒಂದೇ ಸೂಕ್ಷ್ಮದರ್ಶಕ. ಅವಳು ಇನ್ನೂ ವಿದ್ಯಾರ್ಥಿ, ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನನಗೆ ಅದು ಕೊನೆಯ ವರ್ಷ. ಮುಂದಿನ ಸಲಕ್ಕೆ ನಾನು ಅವರ ಲೆಕ್ಕದಲ್ಲಿ ಹೊಸಬಳಾಗಿ ಉಳಿಯುತ್ತಿರಲಿಲ್ಲ.

ಪಟ್ಟಿಯಲ್ಲಿ ಅವಳ ಹೆಸರಿತ್ತು.

ಅವಳ ತಂದೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸುವವರು. ಯಾವುದು ಕಡ್ಡಿ ತಳಿ, ಯಾವುದು ಡಬ್ಬಿ ತಳಿ ಎಂದು ಕೈ ಸೋಕಿದರೇ ಹೇಳಬಲ್ಲರು. ಊಟಕ್ಕೆಂದು ಮನೆಗೆ ಬಂದ ಅವರು ಅಂಗಳದಲ್ಲಿ ಕೈ ತೊಳೆಯುತ್ತ ಎಲ್ಲರಿಗೂ ಕೇಳುವಂತೆ, "ನಾ ಕಾಯಿ ಆರಸ್ತೇನಿ, ನನ್ನ ಮಗಳು ಹುಲ್ಲು ಆರಸ್ತಾಳ. ಧಂದೆ ಒಂದ ನೋಡ್ರಿ!" ಎಂದರು.

ಪಕ್ಕದ ಮನೆಯ ಮುದುಕಿ ಬಾಗಿಲಲ್ಲೇ ನಿಂತಿದ್ದಳು. "ಹುಲ್ಲು ನೋಡಾಕ ವಿಮಾನದಾಗ ಯಾಕ ಹೋಗಬೇಕ ಬೇ? ನಮ್ಮ ಎಮ್ಮಿ ದಿನಾ ಇಲ್ಲೇ ನೋಡತೈತಿ."

"ನಿಮ್ಮ ಎಮ್ಮಿ ನೋಡೂದಿಲ್ಲ ಅಜ್ಜಿ, ತಿಂತೈತಿ. ನಾ ತಿನ್ನೂದಿಲ್ಲ, ಅಷ್ಟ ಫರಕು," ಎಂದು ನನ್ನ ಗೆಳತಿ ನಕ್ಕಳು.

ಅವಳ ತಾಯಿ ನನ್ನ ಬಟ್ಟಲಿಗೆ ಶೀರ್‌ಖುರ್ಮಾ ಹಾಕುತ್ತ ಕೇಳಿದರು: "ನೀನೂ ಹೊಂಟಿ ಹೌದಿಲ್ಲೋ ಬೇಟಾ, ಆಕಿ ಜೋಡಿ?"

"ಇಲ್ಲ ಚಾಚಿ. ಆಕಿ ಒಬ್ಬಾಕೀನ."

"ಅಕ್ಕಂದ ಬರಬೇಕಿತ್ತು ಅಮ್ಮಿ," ಎಂದಳು ಅವಳು. "ನಂಗ ಈಗೂ ಖರೇ ಅನಸವಲ್ದು."

ಅವಳು ಫೋನಿನಲ್ಲಿ ಪತ್ರ ತೋರಿಸಿದಳು. ನಾನು ಮೊದಲು ಹುಡುಕಿದ್ದು ಅದರಲ್ಲಿ ಏನಾದರೂ ತಪ್ಪಿದೆಯೇ ಎಂದು. ಅವಳ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ನೋಡಿದೆ. ಸರಿಯಾಗಿದ್ದವು. ಅರ್ಜಿಯಲ್ಲಿ ಹೇಳಿದ ಹುಲ್ಲು ಹೊಸ ಪ್ರಭೇದವಾಗಿರುವ ಸಾಧ್ಯತೆಯನ್ನು ಸಮಿತಿ ಮೆಚ್ಚಿತ್ತು.

ಅದು ಹೊಸ ಪ್ರಭೇದವಲ್ಲ ಎಂದು ನನಗೆ ಗೊತ್ತಿತ್ತು. ಅರ್ಜಿಯ ಗಡುವಿಗೆ ಮೂರು ದಿನ ಮೊದಲಿನಿಂದಲೇ ಗೊತ್ತಿತ್ತು.

ಅದು ಹೇಗೆ ಗೊತ್ತಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಮಹಾನವಮಿ ಕಳೆದ ಮೇಲೆ ನಾವಿಬ್ಬರೂ ಹಲಗೇರಿಯ ಹತ್ತಿರ ಒಂದು ಗೋವಿನಜೋಳದ ಹೊಲದ ಬದುವಿನಲ್ಲಿ ಆ ಹುಲ್ಲನ್ನು ಕಿತ್ತೆವು. ಒಂದೇ ಬುಡ. ಬೇರುಸಹಿತ ಎರಡು ಪಾಲು ಮಾಡಿ, ಒಂದೇ ಸಂಖ್ಯೆ ಬರೆದು, ಬೇರೆ ಬೇರೆ ಪತ್ರಿಕೆಯ ಮಡಿಕೆಯಲ್ಲಿಟ್ಟು ಒತ್ತಿದೆವು. ಒಣಗಿದ ಮೇಲೆ ಒಂದು ಹಾಳೆ ಅವಳ ಅಲಮಾರಿಗೆ, ಜೋಡಿ ಹಾಳೆ ನನ್ನ ಅಲಮಾರಿಗೆ. ಒಂದಕ್ಕೆ ಹುಳ ಬಿದ್ದರೆ ಇನ್ನೊಂದು ಉಳಿಯಲಿ ಎಂದು ಎಲ್ಲ ಕಡೆ ಹಾಗೆಯೇ ಮಾಡುತ್ತಾರೆ.

ನಮ್ಮ ಬದುಗಳಲ್ಲಿ ಬೆಳೆಯುವ ಸಾಮಾನ್ಯ ಹುಲ್ಲಿಗೆ ಕಾಳಿನ ಹೊರಗಿನ ಹೊಟ್ಟಿನ ಮೇಲೆ ಒಂದು ಸಣ್ಣ ಕುಳಿ ಇರುತ್ತದೆ, ಸೂಜಿ ಮೊನೆ ಊರಿದಂತೆ. ಅವಳ ಹಾಳೆಯಲ್ಲಿದ್ದ ತೆನೆಗೆ ಕುಳಿ ಇರಲಿಲ್ಲ. ಅವಳು ಆ ತೆನೆಯ ಕಾಳುಗಳನ್ನೆಲ್ಲ ನೋಡಿದ್ದಳು. ಅವಳ ಅರ್ಜಿ ಪೂರ್ತಿ ನಿಂತದ್ದು ಆ ಇಲ್ಲದ ಕುಳಿಯ ಮೇಲೆ.

ಗಡುವಿಗೆ ಮೂರು ದಿನವಿದ್ದ ಆ ಬೆಳಿಗ್ಗೆ ನಾನು ಯಾವುದೋ ಜೇಕು ಹುಡುಕುತ್ತಿದ್ದಾಗ ಜೋಡಿ ಹಾಳೆ ಕೈಗೆ ಬಂತು. ಸುಮ್ಮನೆ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊದಲ ಕಾಳಿಗೆ ಕುಳಿ ಇಲ್ಲ. ಎರಡನೆಯದಕ್ಕೆ ಇತ್ತು. ಮೂರನೆಯದಕ್ಕೂ ಇತ್ತು. ನಾಲ್ಕನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಂತಿತ್ತು. ಮಸೂರ ಒರೆಸಿ ಮತ್ತೆ ನೋಡಿದೆ. ಒಂದೇ ಬುಡದಲ್ಲಿ ಕುಳಿ ಇರುವುದೂ ಇಲ್ಲದ್ದೂ ಎರಡೂ ಇವೆ ಎಂದ ಮೇಲೆ ಇದು ಆ ಹಳೆಯ ಸಾಮಾನ್ಯ ಹುಲ್ಲೇ.

ಅವಳು ಚಹಾ ಹಿಡಿದು ಬಂದಳು. "ಅಕ್ಕಾ, ಬಾ, ಆರತೈತಿ. ಏನ್ ನೋಡಾಕತ್ತಿ?"

"ಜೇಕು," ಎಂದೆ.

ಹಾಳೆ ಮುಚ್ಚಿ ಚಹಾ ಕುಡಿದೆ. ಸಮಿತಿಯಲ್ಲಿ ಹುಲ್ಲು ಬಲ್ಲವರು ಇದ್ದೇ ಇರುತ್ತಾರೆ, ಅವರೇ ತಪ್ಪು ಹಿಡಿಯುತ್ತಾರೆ, ಅರ್ಜಿ ಬೀಳುತ್ತದೆ ಎಂದುಕೊಂಡೆ. ಅದು ಬೀಳಲಿ ಎಂಬ ಆಸೆಯಿಂದಲೇ ಸುಮ್ಮನಿದ್ದೆ. ಬೇರೆ ಯಾವ ಕಾರಣವನ್ನೂ ಇಲ್ಲಿ ಸೇರಿಸಲಾರೆ.

ಪತ್ರ ಬಂದ ಮೇಲೆ ಅವಳ ಪ್ರತಿಯೊಂದು ತಯಾರಿಯೂ ನನಗೆ ಚುಚ್ಚಿತು. ವೀಸಾಕ್ಕೆ ಬೆರಳಚ್ಚು ಕೊಟ್ಟು ಬಂದಳು. ಯಾರದೋ ಸ್ವೆಟರ್ ತಂದು ತೋಳು ಸಣ್ಣದು ಮಾಡಿಸಿದಳು. ಆ ಸ್ವೆಟರಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅದು ನನ್ನ ಅಳತೆಯದಲ್ಲ ಎನ್ನುವುದೂ ಗೊತ್ತಿತ್ತು.

ಹೊರಡಲು ಎರಡು ವಾರವಿದ್ದಾಗ, ಒಂದು ರವಿವಾರ, ರಾಣೇಬೆನ್ನೂರಿನ ನಮ್ಮ ಮನೆಗೆ ಸಮ್ಮೇಳನದ ಭಾಷಣ ಒಪ್ಪಿಸಿ ನೋಡಲು ಬಂದಳು. ಅವ್ವ ಗಿರಮಿಟ್ಟು ಮಾಡಿದ್ದಳು. ನಾನು ಗಡಿಯಾರ ಹಿಡಿದು ಕೂತೆ. "ಈ ಹುಲ್ಲಿಗೆ ಕುಳಿ ಇಲ್ಲ" ಎಂಬ ವಾಕ್ಯಕ್ಕೆ ಬಂದಾಗ ಅವಳು ಸ್ವಲ್ಪ ನಿಂತು, ತಲೆ ಎತ್ತಿ ಹೇಳಿದಳು. ಆಗ ನನ್ನ ಮನಸ್ಸಿನಲ್ಲಿ ಒಂದು ದೊಡ್ಡ ಸಭಾಂಗಣ ಬಂತು. ಹಿಂದಿನ ಸಾಲಿನಿಂದ ಯಾರೋ ಎದ್ದು, ಬೇರೆ ಹಾಳೆ ನೋಡಿದಿರಾ ಎಂದು ಕೇಳುತ್ತಾರೆ. ಅವಳು ಗಾಬರಿಯಿಂದ ಕಾಗದ ತಿರುವುತ್ತಾಳೆ. ಅದನ್ನು ನೋಡುತ್ತ ನನಗೆ ಸುಖವಾಯಿತು.

ಆ ಸುಖ ಕಂಡು ನನಗೇ ಹೆದರಿಕೆಯಾಯಿತು. ಗಡಿಯಾರವನ್ನು ಮೇಜಿನ ಮೇಲಿಟ್ಟೆ.

"ಎಷ್ಟ ಆತ ಅಕ್ಕಾ?"

"ನೋಡಲಿಲ್ಲ," ಎಂದೆ.

"ಅಯ್ಯ, ನಿಂಗ ಹೇಳಿ ಏನ್ ಪ್ರಯೋಜನ! ಮೊದಲಿಂದ ಶುರು ಮಾಡ್ಲಿ?"

ಮರುದಿನ ವಿಭಾಗದಲ್ಲಿ ಅವಳನ್ನು ಕರೆದೆ. "ಇಲ್ಲಿ ಬಾ. ಇದನ್ನ ನೋಡು."

ಅವಳು ಬಗ್ಗಿ ನೋಡಿದಳು. ಸೂಜಿಯಿಂದ ಒಂದು ಕಾಳು ಸರಿಸಿ ಇನ್ನೊಂದನ್ನು ನೋಡಿದಳು. "ಇದು ಯಾವ ಬುಡದ್ದು?"

"ನಿಂದು. ಹಲಗೇರಿದು. ಎರಡನೇ ಹಾಳಿ."

ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, ನಾನು ಎಣಿಸಿರದಂತೆ, ನಕ್ಕಳು.

"ಒಂದ ಹಾಳಿ ನೋಡಿ ಹೊಸಾ ಹೆಸರಿಡಾಕ ಹೊಂಟಿದ್ನಲ್ಲಾ! ನಮ್ಮ ಅಬ್ಬಾ ಕೇಳಿದ್ರ ಬೈತಾರ. ಚೀಲದ ಬಾಯಾಗಿನ ಕಾಯಿ ನೋಡಿ ರೇಟ್ ಕಟ್ಟಿದಂಗ ಆತು." ಕಣ್ಣು ಒರೆಸಿಕೊಂಡಳು. "ಛಲೋ ಮಾಡಿದಿ ಅಕ್ಕಾ. ಅಲ್ಲಿ ಹೋಗಿ ಮಂದಿ ಮುಂದ ನಿಂತಿದ್ರ ಏನ್ ಗತಿ ಆಗತಿತ್ತು?"

ನಮ್ಮಲ್ಲಿ ಹಾಳೆಯ ಮೇಲಿನ ಹೆಸರು ತಪ್ಪೆಂದು ಕಂಡರೆ ಅದನ್ನು ಅಳಿಸುವುದಿಲ್ಲ, ಕೀಳುವುದಿಲ್ಲ. ಒಂದು ಸಣ್ಣ ಚೀಟಿಯಲ್ಲಿ ಸರಿಯಾದ ಹೆಸರು, ಗುರುತಿಸಿದವರ ಹೆಸರು, ಗುರುತಿಸಿದ ದಿನಾಂಕ ಬರೆದು ಪಕ್ಕದಲ್ಲಿ ಅಂಟಿಸುತ್ತೇವೆ. ಅವಳು ಡಬ್ಬಿಯಿಂದ ಚೀಟಿ ತೆಗೆದು ನನ್ನ ಮುಂದಿಟ್ಟಳು.

"ನೀನ ಬರಿ. ಕಂಡ್ಹಿಡದಾಕಿ ನೀನು."

ಹುಲ್ಲಿನ ಹೆಸರು ಬರೆದೆ. ನನ್ನ ಹೆಸರು ಬರೆದೆ. ದಿನಾಂಕದ ಮುಂದೆ ಪೆನ್ನು ನಿಂತಿತು. ಇವತ್ತಿನದು ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗಂತೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಜಾಗದಲ್ಲಿ ನಾನು ಜೀವನದಲ್ಲಿ ಒಮ್ಮೆಯೂ ಸುಳ್ಳು ಬರೆದವಳಲ್ಲ. ಬಾಯಿಂದ ಹೇಳಿದ ಸುಳ್ಳು ಬೇರೆ ಎಂದುಕೊಂಡಿದ್ದೆನೇನೋ. ಗುರುತಿಸಿದ ದಿನವನ್ನೇ ಬರೆದೆ.

ಅವಳು ಚೀಟಿಗೆ ಗೋಂದು ಹಚ್ಚಲು ಎತ್ತಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು.

"ಇದು ಅರ್ಜಿ ಹಾಕೂ ಮೊದಲಿಂದು."

"ಹೌದು."

"ಅವತ್ತ ಜೇಕು ಅಂದಿ."

"ಹೌದು."

"ಯಾಕ?"

"ನನಗೂ ಹೋಗೂದಿತ್ತು," ಎಂದೆ.

ಅವಳು ಚೀಟಿಯನ್ನು ಹಾಳೆಯ ಮೂಲೆಗೆ ನೇರವಾಗಿ ಅಂಟಿಸಿ, ಅಂಚುಗಳನ್ನು ಉಗುರಿನಿಂದ ಒತ್ತಿದಳು. "ಅವತ್ತ ಹೇಳಿದ್ರ ನಾ ಅರ್ಜಿನ ಹಾಕ್ತಿದ್ದಿಲ್ಲ," ಎಂದಳು. "ನಿಂಗ ಸಿಗತಿತ್ತೋ ಏನೋ."

ಆ ಮಾತು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಆ ಮಧ್ಯಾಹ್ನವೇ ಅವಳು ಸಂಘಕ್ಕೆ ಬರೆದಳು. ನಮ್ಮ ಗೈಡ್ ಸರ್, "ಈಗ್ಯಾಕ ಬರೀತೀಯವ್ವಾ, ಹೋಗಿ ಬಂದ ಮ್ಯಾಲೆ ತಿದ್ದಿದ್ರಾತು," ಎಂದರೂ ಕೇಳಲಿಲ್ಲ. ಹುಲ್ಲು ಹೊಸದಲ್ಲ, ಬೇಕಾದರೆ ನೆರವು ಹಿಂತೆಗೆದುಕೊಳ್ಳಿ ಎಂದು ಬರೆದಿದ್ದಳು. ಅದನ್ನು ಗುರುತಿಸಿದವಳು ನಾನು ಎಂದು ನನ್ನ ಹೆಸರನ್ನೂ ಬರೆದಿದ್ದಳು. ಯಾವ ದಿನ ಎಂಬುದನ್ನು ಬರೆದಿರಲಿಲ್ಲ. ಒಂದು ವಾರ ಕಾಯುವಾಗ ನೆರವು ಹೋಗಲಿ ಎಂದು ನಾನು ಬಯಸಿದೆನೇ? ಎರಡು ಸಲ ಬಯಸಿದೆ. ಸಂಘದಿಂದ ಉತ್ತರ ಬಂತು: ಬನ್ನಿ, ಭಾಷಣದ ವಿಷಯ ಬದಲಿಸಿ, ಒಂದೇ ಬುಡದಲ್ಲಿ ಕುಳಿ ಇರುವುದೂ ಇಲ್ಲದಿರುವುದೂ ಹೇಗೆಂದೇ ಮಾತಾಡಿ. ಅವಳು ಹೋದಳು. ಕಳಿಸಲು ಸ್ಟೇಷನ್ನಿಗೆ ಬಾ ಎಂದು ನನ್ನನ್ನು ಕರೆಯಲಿಲ್ಲ.

ವಾಪಸು ಬಂದು ವಿಭಾಗದವರಿಗೆಲ್ಲ ಚಾಕಲೇಟು ಹಂಚಿದಳು. ನನಗೂ ಒಂದು ಕೊಟ್ಟಳು. ಅಲ್ಲಿನ ಸಂಗ್ರಹದ ಉದ್ದನೆಯ ಮೇಜು, ಹಾಳೆ ಮುಟ್ಟುವ ಮೊದಲು ಮಾಡಿಸುವ ಪಾಠ, ಆ ಹಳೆಯ ಕಂದು ಮಸಿ, ಎಲ್ಲವನ್ನೂ ಉಳಿದವರಿಗೆ ಹೇಳುತ್ತಿದ್ದಳು. ನಾನು ನನ್ನ ಜೇಕಿನ ಮೇಲೆ ಬಗ್ಗಿ ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಎಲ್ಲರೂ ಹೋದ ಮೇಲೆ ತಡೆಯಲಾಗದೆ ಕೇಳಿದೆ: "ಈ ಹುಲ್ಲಿಗೆ ಮೊದಲ ಹೆಸರಿಟ್ಟ ಆ ಹಳೇ ಹಾಳಿಯೊಳಗ ಕುಳಿ ಇದ್ದವೇನ?"

"ಕೆಲವಕ್ಕ ಇದ್ದುವ್ರಿ. ಕೆಲವಕ್ಕ ಇದ್ದಿಲ್ರಿ," ಎಂದಳು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ನನಗೆ ಹೀಗೆ ಮರ್ಯಾದೆ ಕೊಟ್ಟು ಮಾತಾಡಿದವಳಲ್ಲ. ಸೂಕ್ಷ್ಮದರ್ಶಕವನ್ನು ನನ್ನ ಕಡೆ ಸರಿಸಿ, ಬೇಕಾದರೆ ಬಳಸಿರಿ ಎಂಬಂತೆ ಬಿಟ್ಟು, ತನ್ನ ಚೀಲ ಎತ್ತಿಕೊಂಡು ಬ್ಯಾಡಗಿ ಬಸ್ಸಿಗೆ ಹೊರಟಳು.