ಅಕ್ಕನ ಹುಳದ ಮನೆ

ನನಗೊಂದು ದುರಭ್ಯಾಸವಿದೆ: ತಪ್ಪು ಕಂಡರೆ ತಿದ್ದುತ್ತೇನೆ. ಮದುವೆಯ ಕರೆಯೋಲೆಯನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಮಡಿಸಿಟ್ಟವನು ನಾನು. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಬಹಳ ವರ್ಷವಾದರೂ ಒಳಗೆ ಗಂಟೆ ಹೊಡೆಯುವುದು ನಿಂತಿಲ್ಲ. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಎಂಟಕ್ಕೆ ತಿಂಡಿ. ಶಾಲೆಯಲ್ಲಿ ದಿನವೂ ಪ್ರಾರ್ಥನೆಯಾದ ಮೇಲೆ ಮಕ್ಕಳ ಕೈ ಚಾಚಿಸಿ ಉಗುರು ನೋಡುತ್ತಿದ್ದೆ. ಆ ಮಕ್ಕಳು ಈಗ ಅಪ್ಪಂದಿರಾಗಿದ್ದಾರೆ. ರಾಮನಗರದ ಪೇಟೆಯಲ್ಲಿ ಸಿಕ್ಕರೆ ಮೊದಲು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಆಮೇಲೆ ನೆನಪಾಗಿ ನಮಸ್ಕಾರ ಮಾಡುತ್ತಾರೆ.

ನನ್ನ ತಿದ್ದುವ ವಿದ್ಯೆ ಸೋತದ್ದು ಅಕ್ಕನ ಮುಂದೆ. ನಮ್ಮೂರು ಕೂಟಗಲ್ಲಿನಲ್ಲಿ ರೇಷ್ಮೆ ಹುಳ ಸಾಕಿ, ಗೂಡು ಮಾರಿ, ನನ್ನನ್ನು ಓದಿಸಿದವಳು ಅವಳು. ಎಂಬತ್ತು ದಾಟಿದ ಮೇಲೆ ನನ್ನ ಮನೆಗೆ ಕರೆತಂದೆ. ಅಷ್ಟರಲ್ಲಿ ಮರೆವು ಅವಳ ದಿನಗಳನ್ನು ಈಚೆ ತುದಿಯಿಂದ ಮೇಯುತ್ತ ಹೋಗಿ, ಹಳೆಯ ಹುಳದ ಮನೆಯ ಬಾಗಿಲಲ್ಲಿ ನಿಂತಿತ್ತು. ಕೆಲವು ದಿನ ನಾನು ತಮ್ಮ. ಕೆಲವು ದಿನ ಗೂಡು ಕೊಳ್ಳಲು ಬಂದ ವ್ಯಾಪಾರಿ.

ಊರಿನ ನಮ್ಮ ಮನೆಯಲ್ಲಿ ಹುಳ ಸಾಕುತ್ತಿದ್ದಾಗ ಎರಡು ಕಟ್ಟಳೆಗಳಿದ್ದವು. ಕೈ ತೊಳೆಯದೆ ಯಾರೂ ಹುಳದ ಹತ್ತಿರ ಹೋಗುವಂತಿಲ್ಲ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕದೆ ಯಾರೂ ಉಣ್ಣುವಂತಿಲ್ಲ. ಸೊಪ್ಪು ಬಿದ್ದ ಮೇಲೆ ಹುಳದ ತಟ್ಟೆಗಳಿಂದ ಏಳುತ್ತಿದ್ದ ಆ ಸದ್ದು, ತರಗತಿ ತುಂಬ ಮಕ್ಕಳು ಒಟ್ಟಿಗೆ ಸ್ಲೇಟಿನ ಮೇಲೆ ಬರೆದಂತೆ! ಅದನ್ನು ಕೇಳುತ್ತಲೇ ನಾವು ಮುದ್ದೆ ಮುರಿಯುತ್ತಿದ್ದೆವು. ಅಕ್ಕ ಎಲ್ಲವನ್ನೂ ಮರೆತಳು, ಆ ಕಟ್ಟಳೆಗಳನ್ನು ಮರೆಯಲಿಲ್ಲ.

"ಹುಳಕ್ಕೆ ಸೊಪ್ಪು ಹಾಕುದ್ಯೇನ್ಲಾ?"

"ಹುಳ ಸಾಕೋದು ಬುಟ್ಟು ಇಪ್ಪತ್ತು ವರ್ಷ ಆಯ್ತಲ್ಲಕ್ಕ."

"ಬುಟ್ಬುಟ್ರಾ? ನಂಗ್ಯಾಕೆ ಯೋಳ್ಲಿಲ್ಲ?"

ಕಣ್ಣು ತುಂಬಿಕೊಂಡು ಊಟದ ತಟ್ಟೆ ದೂಡುತ್ತಿದ್ದಳು. ಮಾರನೆಯ ದಿನ ಅದೇ ಪ್ರಶ್ನೆ, ಅದೇ ತಿದ್ದುಪಡಿ, ಅದೇ ಅಳು. ಇಪ್ಪತ್ತು ವರ್ಷ ಹಳೆಯ ಸುದ್ದಿಯನ್ನು ಅವಳಿಗೆ ದಿನವೂ ಹೊಸದಾಗಿ ಮುಟ್ಟಿಸುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ. ಅವಳ ರವಿಕೆ ಮಾತ್ರ ವಾರದಿಂದ ವಾರಕ್ಕೆ ಸಡಿಲವಾಗುತ್ತಿತ್ತು.

ಪಕ್ಕದ ಮನೆಯವರು ಗೂಡಿನಿಂದ ನೂಲು ತೆಗೆಯುವವರು. ಅವರ ಮಗಳು ನಸೀಮಾಗೆ ಆಗ ಐದು ವರ್ಷ. ಗೂಡುಗಳ ನಡುವೆಯೇ ಹುಟ್ಟಿದರೂ ಎಲೆ ಮೇಯುವ ಹುಳವನ್ನು ಕಂಡವಳಲ್ಲ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ನಮ್ಮ ವಾದ ಕೇಳಿದವಳು, ಓಡಿಹೋಗಿ ನನ್ನ ದಾಸವಾಳದ ಗಿಡ ಬೋಳಿಸಿ ತಂದು ಮೊರದ ಮೇಲೆ ಸುರಿದಳು.

"ಹಾಕ್ದೆ ಅಜ್ಜಿ. ಎಲ್ಲಾ ತಿಂತಾ ಅವೆ."

"ಅಯ್ಯೋ, ದೊಡ್ಡ ಎಲೆ ಹಾಕ್ಬುಟ್ಟಲ್ಲವ್ವ! ಎಳೆ ಹುಳ ಅವು. ಒಸಿ ಸಣ್ಣಕ್ಕೆ ಹೆಚ್ಚಾಕು."

ನಸೀಮಾ ಕೂತು ಎಲೆ ಹರಿದಳು. ಅಕ್ಕ ತಟ್ಟೆ ಎಳೆದುಕೊಂಡಳು. ನಾನು ಬಾಯಿ ತೆರೆದೆ: "ಅದು ದಾಸವಾಳದ..."

"ತಾತ, ಸುಮ್ಕಿರಿ. ಅಜ್ಜಿ ಉಣ್ತಾವ್ರೆ."

ಅಂದಿನಿಂದ ಅವರಿಬ್ಬರೂ ಗೆಳತಿಯರು. ಮಕ್ಕಳಿಗೆ ಒಂದೇ ಕಥೆ ನೂರು ಸಲ ಕೇಳಬೇಕು. ಅಕ್ಕನಿಗೆ ಒಂದೇ ಕಥೆ ನೂರು ಸಲ ಹೇಳಬೇಕು. ಇಷ್ಟು ಸರಿಯಾದ ಜೋಡಿಯನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ. ನಡುವೆ ಬೇಸರಪಡುವವರು ನಮ್ಮಂಥ ನೆನಪುಳ್ಳವರು ಮಾತ್ರ.

ಹುಳ ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ. ಇದನ್ನೂ ಅಕ್ಕನಿಂದ ಕಲಿತ ನಸೀಮಾ, ಮಾಗಡಿಗೆ ಮದುವೆಗೆ ಹೊರಟ ಬೆಳಿಗ್ಗೆ ನನ್ನ ಕಿವಿಯಲ್ಲಿ ಹೇಳಿದಳು: "ಎಲ್ಡು ದಿನ ಬರಾಕಿಲ್ಲ ತಾತ. ಅಜ್ಜಿ ಕೇಳುದ್ರೆ ಹುಳ ಜ್ವರಕ್ಕೆ ಕೂತವೆ ಅನ್ನಿ."

ಅಂದು ಮಧ್ಯಾಹ್ನ ಅಕ್ಕ ಕೇಳಿದಳು. ನಾಲಿಗೆ ತಡವರಿಸಿದರೂ ಹೇಳಿದೆ. "ಅಂಗಾ? ಅಂಗಾದ್ರೆ ನೀನೂ ಒಸಿ ಕೂತ್ಕಳ್ಲಾ" ಎಂದು ತಟ್ಟೆ ಎಳೆದುಕೊಂಡಳು. ಊಟದ ಹೊತ್ತಿನಲ್ಲಿ ಗಡಿಯಾರ ನೋಡದೆ ಅವಳ ಪಕ್ಕ ಕೂತದ್ದು ಎಷ್ಟೋ ವರ್ಷಗಳ ಮೇಲೆ.

ಎರಡನೆಯ ದಿನವೂ ಅದೇ ಮಾತು ನಡೆಯಿತು. ಮೂರನೆಯ ದಿನ ಅಕ್ಕ ಒಪ್ಪಲಿಲ್ಲ. "ಎಷ್ಟು ದಿನ ಅಂತ ಜ್ವರ? ಹಸ್ಕೊಂಡಿರ್ತವೆ" ಎಂದು ತಟ್ಟೆ ದೂಡಿದಳು. ಬೇರೆ ದಾರಿಯಿರಲಿಲ್ಲ. ನಾನೇ ದಾಸವಾಳದ ಗಿಡಕ್ಕೆ ಹೋಗಿ ಎಲೆ ಕಿತ್ತು ತಂದು, ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಸಣ್ಣಗೆ ಹರಿಯತೊಡಗಿದೆ. ಆಗಲೇ ಬಾಗಿಲಲ್ಲಿ ಹೊಸ ಬಳೆಗಳ ಸದ್ದು.

"ತಾತ, ಕೈ ತೊಳ್ಕೊಂಡು ಬಂದ್ರಾ?"

ತೊಳೆದಿರಲಿಲ್ಲ. ಗಿಡದ ಬುಡದ ಮಣ್ಣು ಉಗುರಿನಲ್ಲೇ ಇತ್ತು. ನಸೀಮಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಾನು ಎದ್ದು, ಎರಡೂ ಕೈ ಮುಂದೆ ಚಾಚಿ ತೋರಿಸಿದೆ.

ಅಕ್ಕನಿಗೆ ಕನಿಕರವಾಯಿತು. "ಬೈಬ್ಯಾಡ ಕಣವ್ವ. ಹೊಸಬ, ಕಲ್ತ್ಕತಾನೆ ಬುಡು" ಎಂದಳು.

ನಾನು ತಿದ್ದಲಿಲ್ಲ. ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡು ಬಂದೆ.