ಕಮ್ಮಿ ಬರೆದ ಬಿಪಿ

ಡಾಕ್ಟರ್ ಸಾಹೇಬ್ರು ತೀರಿಕೊಂಡು ತಿಂಗಳಾತು. ಮೊನ್ನೆ ಅವರ ಹೆಂಡ್ತಿ ನಮ್ಮ ಖಾಸಬಾಗದ ಮನಿಗೆ ಒಂದು ಚೀಲ ಕಳಿಸಿದ್ರು. ಒಳಗ ಸಾಹೇಬ್ರ ಹಳೇ ಬಿಪಿ ಮಷೀನು, ಜೊತಿಗೆ ಅವರ ಲೇಖನ ಅಚ್ಚಾದ ಇಂಗ್ಲಿಷ್ ಪತ್ರಿಕಿ. ಮಷೀನಿನ ಮುಚ್ಚಳ ತೆರದ್ನಿ. ತೋಳಿಗೆ ಸುತ್ತೋ ಪಟ್ಟಿಯ ಆ ರಬ್ಬರ್ ವಾಸನಿ... ಕುಂತಲ್ಲೇ ಮನಸು ಹಿಂದ ಕೆಲಸಕ್ಕ ಹೋಗ್ತಿದ್ದ ಕಣಕುಂಬಿ ಹಳ್ಳಿಗೆ ಹೋಗಿಬಿಡ್ತು. ಪತ್ರಿಕಿ ಮಾತ್ರ ತೆರೀಲಿಲ್ಲ. ಅದನ್ನ ಓದೂ ಧೈರ್ಯ ನನಗ ಎಂದೂ ಬಂದಿದ್ದಿಲ್ಲ.

ಸಾಹೇಬ್ರು ಬೆಳಗಾವಿಯೊಳಗ ಸಂಶೋಧನಾ ಮಾಡ್ತಿದ್ರು, ನಾನು ಅವರ ಕೈಕೆಳಗಿನ ನರ್ಸ್. ಕಿಡ್ನಿ ಮ್ಯಾಲ ಟೊಪಿಗಿ ಇಟ್ಟಂಗ ಒಂದು ಸಣ್ಣ ಗ್ರಂಥಿ ಇರತೈತಿ. ಅದರ ಒಂದು ಹಾರ್ಮೋನು ಅತಿಯಾದ್ರ ಸಣ್ಣ ವಯಸ್ಸಿನವರಿಗೂ ಬಿಪಿ ಏರತೈತಿ, ಕೈಕಾಲು ಸೋಲ್ತಾವ. ಕಂಡು ಹಿಡಿದ್ರ ಗುಣ ಮಾಡಬಹುದು. ಅಂಥವರನ್ನ ಹುಡುಕ್ಕೋತ ಖಾನಾಪುರದ ಹಳ್ಳಿಹಳ್ಳಿ ತಿರುಗಿದ್ವಿ. ನಾನು ಮನಿಮನಿಗೆ ಹೋಗಿ ಬಿಪಿ ನೋಡಿ ಬರಕೊಳ್ಳೂದು, ನೂರಾ ಐವತ್ತರ ಮ್ಯಾಲಿದ್ದವರನ್ನಷ್ಟ ಸಾಹೇಬ್ರು ಊರ ಸಾಲಿ ಕಟ್ಟಡಕ್ಕ ಕರಸಿ ರಕ್ತ ತಗೊಳ್ಳೂದು. ಆ ಹಳ್ಳಿಯವರ ಮಾತು ಮರಾಠಿ. ಸಾಹೇಬ್ರು ವಿಜಯಪುರದ ಕಡೆಯವರು, ಅವರಿಗೆ ಅದು ಅಷ್ಟಕ್ಕಷ್ಟ. ನನಗ ಬರ್ತಿತ್ತು. ಅಲ್ಲೇ ಆತು ನೋಡ್ರಿ ಎಡವಟ್ಟು.

ಕಣಕುಂಬಿಯೊಳಗ ಒಬ್ಬ ಸೊಸಿ. ಬಿಪಿ ನೂರಾ ಎಪ್ಪತ್ತೆಂಟು! ಬಾಜೂಕ ಅತ್ತಿ ಕುಂತಿದ್ಲು. ಸೊಸಿ ನನ್ನ ಕಿವಿಯೊಳಗ ಮರಾಠಿಯಾಗ, "ಬಾಯಾರ, ಸ್ವಲ್ಪ ಕಮ್ಮಿ ಬರೀರಿ. ರೋಗದಾಕಿ ಅಂತ ತವರಿಗೆ ಕಳಸ್ತಾರ," ಅಂದ್ಲು. ನನಗ ಪಾಪ ಅನಸ್ತು. ನೂರಾ ನಲವತ್ತೆಂಟು ಅಂತ ಬರದ್ನಿ. "ಉಪ್ಪು ಕಮ್ಮಿ ತಿನ್ನವಾ," ಅಂತ ಮ್ಯಾಲ ಉಪದೇಶ ಬ್ಯಾರೆ! ಸುದ್ದಿ ಹೆಣ್ಮಕ್ಕಳ ಬಾಯಿಂದ ಬಾಯಿಗೆ ಹೋತು. ಮುಂದ ಎಲ್ಲಾರೂ ಕಾಯಿಪಲ್ಯೆ ಚೌಕಾಶಿ ಮಾಡಿದಂಗ ಬಿಪಿ ಇಳಸ್ರಿ ಅನ್ಕೋತ ಕುಂತ್ರು. ನಾನೂ ಇಳಸ್ಕೋತ ಹೋದ್ನಿ. ದೊಡ್ಡ ಉಪಕಾರ ಮಾಡಾಕತ್ತೇನಿ ಅಂತ ತಿಳಕೊಂಡಿದ್ದೆ.

ಲೇಖನ ಬರದು ಮುಗದ ದಿನ ಸಾಹೇಬ್ರು ಖುಷಿಯಿಂದ ಕರದ್ರು. "ಬರ್ರಿ ಸಿಸ್ಟರ್, ಕಡೀಗೆ ನಿಮ್ಮ ಹೆಸರು ಹಾಕೇನಿ, ನೋಡ್ರಿ." ನನ್ನ ಹೆಸರಿನ ಮುಂದ ಧನ್ಯವಾದ ಇತ್ತು. ಅತ್ಕೋತ ಎಲ್ಲಾ ಹೇಳಿಬಿಟ್ಟೆ.

"ಎಷ್ಟ ಮಂದೀದು ಹಿಂಗ ಬರದೀರಿ?"

"ನೆನಪಿಲ್ರಿ ಸಾಹೇಬ್ರ..."

ಬೈತಾರ ಅಂತ ಕಾದೆ. ಬೈದಿದ್ರ ಚಲೋ ಇತ್ತು. ಅವರು ಅಂಚೆಗೆ ಹಾಕಬೇಕಾಗಿದ್ದ ಲಕೋಟಿ ಡ್ರಾವರಿಗೆ ಹಾಕಿ, "ಮುಂಜಾನೆ ಜೀಪ್ ಹೇಳ್ರಿ," ಅಂದ್ರು, ಅಷ್ಟ.

ಕಣಕುಂಬಿಯ ಆ ಸೊಸಿ ಅಷ್ಟೊತ್ತಿಗೆ ಗ್ವಾಡಿ ಹಿಡದು ನಡಿಯೂ ಹಂಗಾಗಿದ್ಲು. ರಕ್ತ ತಗೊಂಡ್ವಿ. ಅದ ಹಾರ್ಮೋನು, ಸಿಕ್ಕಾಪಟ್ಟಿ! ಬೆಳಗಾವಿಯೊಳಗ ಆಪರೇಷನ್ ಮಾಡಿ ಗ್ರಂಥಿಯ ಗಂಟು ತಗದ್ರು. ಆಮ್ಯಾಲ ಆಕಿ ಕೊಡ ಹೊತಗೊಂಡು ನಡದದ್ದನ್ನ ಕಣ್ಣಾರೆ ನೋಡೇನಿ. ನನ್ನ ಹಾಳು ಕರುಣಾ ಆಕಿನ್ನ ಮೂಲಿಗೆ ಕೂಡಿಸಿಬಿಡ್ತಿತ್ತು.

ಸಾಹೇಬ್ರು ಎಲ್ಲಾ ಮನಿ ಮತ್ತ ತಿರುಗಿದ್ರು. ಈ ಸಲ ಬಿಪಿ ಬರಕೊಳ್ಳೂದೂ ಸ್ವತಃ ಅವರೇ. ಅಷ್ಟರಾಗ ಅದ ವಿಷಯದ ಮ್ಯಾಲ ಬ್ಯಾರೆ ಯಾರೋ ಬರದು ಹೆಸರು ಮಾಡಿದ್ರು. ಇವರದು ತಡಾಗಿ ಬಂತು, ಯಾರೂ ಮಾತಾಡಲಿಲ್ಲ. ನನಗ ಮಾರಿ ತೋರಸೂದು ಆಗಲಿಲ್ಲ, ಬ್ಯಾರೆ ಕಡೆ ಕೆಲಸಕ್ಕ ಹೋದೆ. ಲೇಖನದೊಳಗ ನನ್ನ ಹೆಸರು ಹೊಡದು ಹಾಕಿರ್ತಾರ, ಅದನ್ನ ಯಾಕ ನೋಡ್ಲಿ ಅಂತ ಇದ್ದುಬಿಟ್ಟೆ.

ನಿನ್ನೆ ಮನಸು ಗಟ್ಟಿ ಮಾಡಿ ಕಡೀ ಪುಟ ತೆರದ್ನಿ. ಹೆಸರು ಐತಿ. ಅದರ ಮುಂದ ಇಂಗ್ಲಿಷಿನ್ಯಾಗ ಒಂದು ಸಾಲು. ಅಳತಿಯೊಳಗಿನ ತಪ್ಪು ತಾವಾಗೇ ಹೇಳಿ ತಿದ್ದಿಸಿದ್ದಕ್ಕ ಕೃತಜ್ಞತಾ ಅಂತ. ತಪ್ಪು ಯಾರದು ಅನ್ನೂದು ಎಲ್ಲೂ ಇಲ್ಲ...

ಎಷ್ಟೋ ಹೊತ್ತು ಅತ್ತು, ಪಟ್ಟಿ ನನ್ನ ತೋಳಿಗೇ ಸುತ್ತಿದ್ನಿ. ಪಾದರಸ ಏರಿ ಇಳೀತು. ನೂರಾ ಅರವತ್ನಾಲ್ಕು. ಈ ವಯಸ್ಸಿಗೂ ಕೈ ಕಮ್ಮಿ ಬರಿಯಾಕ ಹೋತು, ಖರೇ. ನಿಂದರಿಸಿ, ನೂರಾ ಅರವತ್ನಾಲ್ಕ ಅಂತಲೇ ಬರದ್ನಿ. ನೋಡಿ "ಈ ಸಲ ಖರೇ ಬರದೀರಿ ಸಿಸ್ಟರ್" ಅನ್ನಾಕ ಸಾಹೇಬ್ರು ಇಲ್ಲ.